ಏರುವವರು ಹಿಂದಿರುಗಿ ನೋಡಬೇಕು

(ಬಾನುಲಿ ಭಾಷಣ)



ಹಿಂದೆ ನಮ್ಮ ಹಿರಿಯರು ಕಾಶಿಗೆ ಹೊರಡುವಾಗ ಆಸ್ತಿಪಾಸ್ತಿಯ ವ್ಯವಸ್ಥೆ ಮಾಡಿ, ನೆಂಟರಿಷ್ಟರಿಗೆಲ್ಲ ಹೇಳಿ, ಮರಳಿ ಬಂದರೆ ಬಂದೆವು ಎಂಬ ಮನಸ್ಸಿನಿಂದ ಹೊಸಿಲು ದಾಟುತ್ತಿದ್ದರು. ಬದರಿ, ಕೇದಾರಗಳ ಮಾತಂತೂ ದೂರವೇ ಉಳಿಯಿತು. ಹೋದವರು ತಿಂಗಳುಗಟ್ಟಲೆ ನಡೆದು, ಚಟ್ಟಿಯಿಂದ ಚಟ್ಟಿಗೆ ತಂಗುತ್ತ, ಬೆಟ್ಟ ಒಪ್ಪಿದಷ್ಟೇ ವೇಗದಲ್ಲಿ ಬೆಟ್ಟವನ್ನೇರುತ್ತಿದ್ದರು. ಇಂದು ಬಜಪೆಯ ವಿಮಾನ ನಿಲ್ದಾಣದಲ್ಲಿ ಮುಂಜಾನೆ ವಿಮಾನವೇರಿದ ಕುಟುಂಬವೊಂದು, ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇನ್ನೊಂದು ವಿಮಾನ ಹಿಡಿದು, ಸಂಜೆಯ ಹೊತ್ತಿಗೆ ಹಿಮಾಲಯದ ಮಡಿಲಲ್ಲಿ ಕುಳಿತು ಚಹಾ ಕುಡಿಯುತ್ತದೆ. ಬೆಳಗ್ಗೆ ಬಿಟ್ಟು ಬಂದ ಕಡಲ ಉಪ್ಪು ಅವರ ಮೈಮೇಲಿಂದ ಇನ್ನೂ ಆರಿರುವುದಿಲ್ಲ.

ಇದು ತಪ್ಪೆಂದು ನಾನು ಹೇಳಹೊರಟಿಲ್ಲ. ಮಂಜು ಕಾಣದ ಕರಾವಳಿಯ ಮಕ್ಕಳು ಗುಲ್ಮಾರ್ಗಿನ ಇಳಿಜಾರಿನಲ್ಲಿ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಬಿದ್ದೆದ್ದು ನಗುವುದನ್ನು ಕಂಡರೆ ಯಾರಿಗೆ ಸಂತೋಷವಾಗದು? ಆದರೆ ಆ ದೂರವನ್ನು ನಮ್ಮ ವಾಹನಗಳು ಒಂದು ದಿನದಲ್ಲಿ ದಾಟಿದರೂ, ನಮ್ಮ ರಕ್ತ, ನಮ್ಮ ಉಸಿರು, ನಮ್ಮ ಮೂತ್ರಪಿಂಡಗಳು ಇನ್ನೂ ನಮ್ಮ ಅಜ್ಜಂದಿರ ಕಾಲದ ನಡಿಗೆಯಲ್ಲೇ ಹೋಗುತ್ತವೆ. ವಾಹನ ಮುಂದೆ, ದೇಹ ಹಿಂದೆ. ಈ ಅಂತರದಲ್ಲಿ ಹುಟ್ಟುವ ಕಾಯಿಲೆಯೇ ಪರ್ವತರೋಗ. ಅದನ್ನು ಬಾರದಂತೆ ತಡೆಯುವುದು ಹೇಗೆಂಬುದೇ ಇಂದಿನ ನನ್ನ ಮಾತು. ನಾನು ವೈದ್ಯನಲ್ಲ, ಕನ್ನಡದ ಮೇಷ್ಟ್ರು. ಮನೆಯಲ್ಲಿ ನಡೆದುದೊಂದು ಪ್ರಸಂಗದಿಂದ ಈ ವಿಷಯವನ್ನು ಓದಿ ತಿಳಿದುಕೊಳ್ಳಬೇಕಾಯಿತು. ತಿಳಿದುದನ್ನು ಹೇಳದೆ ಇರಲಾಗದೆ ನಿಮ್ಮೆದುರು ಬಂದಿದ್ದೇನೆ.

ಮೊದಲಿಗೆ, ಬೆಟ್ಟ ಎಂದರೆ ನಮಗೆ ಗೊತ್ತು ಎಂಬ ಭ್ರಮೆಯನ್ನು ಕಳೆದುಕೊಳ್ಳಬೇಕು. ನಮ್ಮದು ಘಟ್ಟದ ಕೆಳಗಿನ ಸೀಮೆ. ಚಾರ್ಮಾಡಿ, ಶಿರಾಡಿ, ಆಗುಂಬೆಗಳ ತಿರುವುಗಳನ್ನು ಎಣಿಸುತ್ತ ಬೆಳೆದವರು ನಾವು. ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ, ಕಿವಿ ಮುಚ್ಚಿಕೊಂಡು ಮತ್ತೆ ಟಪ್ಪೆಂದು ತೆರೆದುಕೊಳ್ಳುತ್ತದೆ, ಒಂದು ತುಂಡು ಲಿಂಬೆ ಮೂಸಿದರೆ ಸಮಾಧಾನವಾಗುತ್ತದೆ. ಎತ್ತರದ ತೊಂದರೆಯೆಂದರೆ ಇಷ್ಟೇ ಎಂದು ನಮ್ಮ ತಿಳಿವಳಿಕೆ. ಆದರೆ ಹೊಟ್ಟೆ ತೊಳಸುವುದು ಬಸ್ಸಿನ ಕುಲುಕಾಟದಿಂದ. ಕಿವಿ ಮುಚ್ಚುವುದು ಕಿವಿಯೊಳಗಿನ ಗಾಳಿಯೂ ಹೊರಗಿನ ಗಾಳಿಯೂ ಸರಿದೂಗುವವರೆಗೆ. ಎರಡಕ್ಕೂ ಪರ್ವತರೋಗಕ್ಕೂ ಸಂಬಂಧವಿಲ್ಲ. ಕುದುರೆಮುಖದ ಶಿಖರ ಸುಮಾರು ೧,೯೦೦ ಮೀಟರ್. ಕರ್ನಾಟಕದಲ್ಲೇ ಅತಿ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು ೧,೯೩೦ ಮೀಟರ್. ಪರ್ವತರೋಗ ಸಾಮಾನ್ಯವಾಗಿ ತಲೆಯೆತ್ತುವುದು ೨,೫೦೦ ಮೀಟರಿನ ಮೇಲೆ. ಅಂದರೆ, ನಮ್ಮ ನಾಡಿನ ತುತ್ತತುದಿಯಲ್ಲಿ ನಿಂತವನೂ ಆ ರೋಗದ ಹೊಸಿಲನ್ನು ಮುಟ್ಟಿರುವುದಿಲ್ಲ. ಗುಲ್ಮಾರ್ಗಿನ ಹುಲ್ಲುಗಾವಲೇ ೨,೬೫೦ ಮೀಟರ್. ಅಲ್ಲಿಂದ ಗೊಂಡೋಲವೆಂಬ ತೂಗುಬಂಡಿಯಲ್ಲಿ ಎರಡು ಹಂತ ಏರಿದರೆ ಅಫರ್ವಾತ್ ಬೆಟ್ಟದ ಮೇಲೆ ಸುಮಾರು ೩,೯೫೦ ಮೀಟರ್. ಲೇಹ್ ಪಟ್ಟಣ ೩,೫೦೦ ಮೀಟರ್. ಕೇದಾರನಾಥ ೩,೫೮೩. ಅಮರನಾಥದ ಗುಹೆ ಸುಮಾರು ೩,೯೦೦. ಮಾನಸ ಸರೋವರ ೪,೫೦೦ಕ್ಕೂ ಮಿಗಿಲು. ನಮ್ಮ ಘಟ್ಟದ ಅನುಭವ ಅಲ್ಲಿ ಕೆಲಸಕ್ಕೆ ಬಾರದು.

ಅಲ್ಲಿ ನಡೆಯುವುದಾದರೂ ಏನು? ಎತ್ತರದ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಮೆ ಎಂದು ಹಲವರು ಹೇಳುವುದುಂಟು. ಅದು ಪೂರ್ಣ ನಿಜವಲ್ಲ. ಪಣಂಬೂರಿನ ಕಡಲದಂಡೆಯಲ್ಲೂ ಲೇಹ್‌ನಲ್ಲೂ ನೂರು ಪಾಲು ಗಾಳಿಯಲ್ಲಿ ಆಮ್ಲಜನಕ ೨೧ ಪಾಲೇ. ಬದಲಾಗುವುದು ಒತ್ತಡ. ಮದುವೆಮನೆಯ ಉಗ್ರಾಣದಲ್ಲಿ ಒಂದರ ಮೇಲೊಂದು ಪೇರಿಸಿದ ಹಾಸಿಗೆಗಳನ್ನು ನೆನಪಿಸಿಕೊಳ್ಳಿ. ಅಡಿಯ ಹಾಸಿಗೆ ಮೇಲಿನವುಗಳ ಭಾರಕ್ಕೆ ಅದುಮಿಕೊಂಡು ದಟ್ಟವಾಗಿರುತ್ತದೆ; ಮೇಲಿನದು ಉಬ್ಬಿ ಸಡಿಲವಾಗಿರುತ್ತದೆ. ನಾವು ಮಂಗಳೂರಿನವರು ವಾಯುಮಂಡಲದ ಅಡಿಯ ಹಾಸಿಗೆಯಲ್ಲಿ ಬಾಳುವವರು. ಲೇಹ್‌ನಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಇಲ್ಲಿನದರ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ೫,೫೦೦ ಮೀಟರಿನಲ್ಲಿ ಅರ್ಧ.

ದೇಹ ಇದನ್ನು ಸುಮ್ಮನೆ ಸಹಿಸುವುದಿಲ್ಲ. ತಲಪಿದ ಕ್ಷಣದಿಂದಲೇ ಉಸಿರಾಟ ಆಳವಾಗುತ್ತದೆ, ಎದೆಬಡಿತ ಹೆಚ್ಚುತ್ತದೆ. ಆದರೆ ಹೆಚ್ಚು ಉಸಿರಾಡಿದಂತೆ ರಕ್ತದ ಇಂಗಾಲಾಮ್ಲ ಅನಿಲ ಹೊರಟುಹೋಗಿ ರಕ್ತ ಕ್ಷಾರವಾಗುತ್ತದೆ. ಕ್ಷಾರವಾದ ರಕ್ತ, ‘ಸಾಕು, ಉಸಿರಾಟ ನಿಧಾನಿಸು’ ಎಂದು ಮಿದುಳಿಗೆ ಹೇಳುತ್ತದೆ. ಈ ಜಗಳವನ್ನು ಬಿಡಿಸುವವು ಮೂತ್ರಪಿಂಡಗಳು. ಅವು ಹೆಚ್ಚಿನ ಕ್ಷಾರವನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಈ ಕೆಲಸಕ್ಕೆ ಒಂದೆರಡು ಗಂಟೆ ಸಾಲದು, ಕೆಲವು ದಿನಗಳೇ ಬೇಕು. ಆ ದಿನಗಳನ್ನು ನಾವು ಕೊಟ್ಟೆವೋ, ದೇಹ ಒಗ್ಗಿಕೊಂಡಿತು. ಕೊಡಲಿಲ್ಲವೋ, ತಲೆನೋವು, ವಾಕರಿಕೆ, ಆಯಾಸ, ತಲೆಸುತ್ತು ಆರಂಭವಾಗುತ್ತವೆ. ಇವು ತಲಪಿದ ಕೂಡಲೇ ಬರುವುದಿಲ್ಲ. ಆರೇಳು ಗಂಟೆ, ಹತ್ತು ಹನ್ನೆರಡು ಗಂಟೆ ಕಳೆದು, ಬಹುಮಟ್ಟಿಗೆ ಮೊದಲ ರಾತ್ರಿ ಬರುತ್ತವೆ. ಮೋಸವಿರುವುದು ಇಲ್ಲಿಯೇ. ಬಂದಿಳಿದಾಗ ಮೈ ಹಗುರ, ಮನಸ್ಸು ಉಲ್ಲಾಸ. ‘ನಮಗೇನೂ ಆಗಲಿಲ್ಲ’ ಎಂದು ಬೀಗಿ ಸಂಜೆಯೆಲ್ಲ ಓಡಾಡುತ್ತೇವೆ. ಬೆಟ್ಟ ತನ್ನ ಲೆಕ್ಕವನ್ನು ರಾತ್ರಿ ಒಪ್ಪಿಸುತ್ತದೆ.

ಈ ಕಾಯಿಲೆ ಇಂದಿನದಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ, ಚೀನದಿಂದ ನಮ್ಮ ದೇಶದ ವಾಯವ್ಯದತ್ತ ಬರುವ ದಾರಿಯಲ್ಲಿದ್ದ ಬೆಟ್ಟಗಳನ್ನು ಅಲ್ಲಿನ ಅಧಿಕಾರಿಯೊಬ್ಬ ‘ದೊಡ್ಡ ತಲೆನೋವಿನ ಬೆಟ್ಟ’, ‘ಚಿಕ್ಕ ತಲೆನೋವಿನ ಬೆಟ್ಟ’ ಎಂಬ ಹೆಸರಿನಿಂದ ಉಲ್ಲೇಖಿಸಿದ್ದಾನೆ. ಸ್ಪೇನಿನ ಪಾದ್ರಿ ಹೋಸೆ ದೆ ಅಕೋಸ್ತ ಪೆರುವಿನ ಆಂಡೀಸ್ ಪರ್ವತವನ್ನು ದಾಟುವಾಗ ತಾನು ಪಟ್ಟ ಪಾಡನ್ನು ೧೫೯೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರ್ಣಿಸಿ, ಅಲ್ಲಿನ ಗಾಳಿ ಮನುಷ್ಯನ ಉಸಿರಿಗೆ ಒದಗದಷ್ಟು ತೆಳುವೆಂದು ಊಹಿಸಿದ. ೧೮೭೮ರಲ್ಲಿ ಫ್ರಾನ್ಸಿನ ವಿಜ್ಞಾನಿ ಪಾಲ್ ಬೇರ್, ಈ ಕಾಯಿಲೆಯ ಮೂಲ ಆಮ್ಲಜನಕದ ಒತ್ತಡದ ಕೊರತೆಯೇ ಎಂದು ಪ್ರಯೋಗಗಳಿಂದ ತೋರಿಸಿದ. ಸ್ಕೀ ಆಟಕ್ಕೂ ಈ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. ಅಮೆರಿಕದ ಕೊಲೊರಾಡೋ ಬೆಟ್ಟಗಳಲ್ಲಿ ಸ್ಕೀ ಮಾಡುತ್ತ ಹೋದ ಗಟ್ಟಿಮುಟ್ಟಾದ ತರುಣನೊಬ್ಬ ಉಸಿರುಕಟ್ಟಿ ಮಲಗಿದ. ನೋಡಿದವರು ನ್ಯುಮೋನಿಯ ಎಂದುಕೊಳ್ಳಬಹುದಾದ ಸ್ಥಿತಿ. ಅದು ಸೋಂಕಲ್ಲ, ಎತ್ತರದಿಂದಾಗಿ ಶ್ವಾಸಕೋಶದಲ್ಲಿ ನೀರು ತುಂಬಿದುದು ಎಂದು ಡಾಕ್ಟರ್ ಚಾರ್ಲ್ಸ್ ಹೂಸ್ಟನ್ ೧೯೬೦ರಲ್ಲಿ ಬರೆದ ಲೇಖನ ವೈದ್ಯಲೋಕದ ಕಣ್ಣು ತೆರೆಸಿತು.

ಭಾರತಕ್ಕೆ ಈ ಪಾಠ ಬಹಳ ದುಬಾರಿಯಾಗಿ ಬಂದಿತು. ೧೯೬೨ರ ಚೀನಾ ಯುದ್ಧದಲ್ಲಿ ಬಯಲುಸೀಮೆಯ ಸೈನಿಕರನ್ನು ಅವಸರವಸರವಾಗಿ ಎತ್ತರದ ಗಡಿಗೆ ಸಾಗಿಸಬೇಕಾಯಿತು. ಶತ್ರುವಿನ ಗುಂಡು ತಾಕುವ ಮೊದಲೇ ಎತ್ತರ ಹಲವರನ್ನು ಕೆಡವಿತು. ಆ ಅನುಭವವನ್ನು ಆಧರಿಸಿ ನಮ್ಮ ಸೇನೆಯ ವೈದ್ಯರಾದ ಇಂದರ್ ಸಿಂಗ್ ಮತ್ತು ಸಂಗಡಿಗರು ೧,೯೨೫ ಸೈನಿಕರನ್ನು ಕುರಿತು ಬರೆದು ೧೯೬೯ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಜಗತ್ತಿನ ವೈದ್ಯರು ಇಂದಿಗೂ ಉದ್ಧರಿಸುತ್ತಾರೆ. ಇಂದು ನಮ್ಮ ಸೇನೆಯಲ್ಲಿ ಕಟ್ಟುನಿಟ್ಟಾದ ಕ್ರಮವಿದೆ. ೯,೦೦೦ದಿಂದ ೧೨,೦೦೦ ಅಡಿಯವರೆಗಿನ ಎತ್ತರಕ್ಕೆ ಬಂದವನು ಆರು ದಿನ ಒಗ್ಗಿಕೊಳ್ಳಬೇಕು; ೧೫,೦೦೦ ಅಡಿಯವರೆಗೆ ಏರಲು ಮತ್ತೆ ನಾಲ್ಕು ದಿನ; ಅದಕ್ಕೂ ಮೇಲೆ ಹೋಗಲು ಇನ್ನೂ ನಾಲ್ಕು ದಿನ. ಇಪ್ಪತ್ತೆರಡರ ಹರೆಯದ, ಉಕ್ಕಿನಂಥ ಮೈಯ ಯೋಧನಿಗೆ ಒಟ್ಟು ಹದಿನಾಲ್ಕು ದಿನ! ಮೊಮ್ಮಕ್ಕಳನ್ನೂ ಮಂಡಿನೋವಿನ ಅಜ್ಜಿಯನ್ನೂ ಕಟ್ಟಿಕೊಂಡು ಹೊರಟ ನಮಗೆ ಪ್ರವಾಸದ ಕರಪತ್ರ ಕೊಡುವುದು ಒಟ್ಟು ಐದು ದಿನ, ನಾಲ್ಕು ರಾತ್ರಿ.

ಇನ್ನು ನಮ್ಮ ಮನೆಯ ಪ್ರಸಂಗ. ಕೆಲವು ವರ್ಷಗಳ ಹಿಂದಿನ ಚಳಿಗಾಲ. ನಾನು, ನನ್ನ ಮಡದಿ, ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು, ಹೀಗೆ ಐವರು ಕಾಶ್ಮೀರಕ್ಕೆ ಹೋದೆವು. ಶ್ರೀನಗರದಲ್ಲಿ ಇಳಿದ ದಿನವೇ ಸಂಜೆ ಗುಲ್ಮಾರ್ಗಿಗೆ ಹತ್ತಿದೆವು. ಪ್ರವಾಸದ ಏರ್ಪಾಟು ಹಾಗಿತ್ತು, ನಾವೂ ಪ್ರಶ್ನಿಸಲಿಲ್ಲ. ಮೊದಲ ಸಂಜೆ ಎಲ್ಲರೂ ಮಕ್ಕಳಾದೆವು. ನಡುರಾತ್ರಿ ಎಚ್ಚರವಾದಾಗ ಮಡದಿ ಹಾಸಿಗೆಯಲ್ಲಿ ಎದ್ದು ಕುಳಿತು ಎರಡೂ ಕೈಗಳಲ್ಲಿ ತಲೆ ಹಿಡಿದುಕೊಂಡಿದ್ದಳು. ಏನೆಂದು ಕೇಳಿದೆ. “ಎಂತದೂ ಇಲ್ಲ, ಸ್ವಲ್ಪ ಪಿತ್ತ ಏರಿದೆ ಅಷ್ಟೆ. ನೀವು ಮಲಗಿ. ಮಗನಿಗೆ ಹೇಳಬೇಡಿ, ಮಗುವಿನ ಖುಷಿ ಹಾಳಾಗುತ್ತದೆ” ಎಂದಳು. ಊರಿನಿಂದ ತಂದಿದ್ದ ಒಣ ಪುನರ್ಪುಳಿಯನ್ನು ಬಿಸಿನೀರಿನಲ್ಲಿ ಕಿವುಚಿ ಕುಡಿದಳು. ಅದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಬೆಳಗ್ಗೆ ತಿಂಡಿ ಮುಟ್ಟಲಿಲ್ಲ. ಪ್ರಯಾಣದ ದಣಿವು, ಪರಸ್ಥಳದ ಎಣ್ಣೆ ಎಂದುಕೊಂಡೆ. ಹೀಗೆ ನಾವು ಅವಳನ್ನು ಕರೆದುಕೊಂಡೇ ತೂಗುಬಂಡಿಯಲ್ಲಿ ಕುಳಿತು ಮೇಲಿನ ತುದಿಗೆ ಹೋದೆವು. ಕಾಯಿಲೆಯಾದವಳನ್ನು ಇನ್ನೂ ೧,೩೦೦ ಮೀಟರ್ ಮೇಲಕ್ಕೆ ಒಯ್ದೆವು. ಇದಕ್ಕಿಂತ ದೊಡ್ಡ ಅವಿವೇಕ ಬೇರೆಯಿಲ್ಲವೆಂದು ಇಂದು ಬಲ್ಲೆ.

ಮೇಲೆ ಹೊಸ ಹಿಮ ಬಿದ್ದಿತ್ತು. ಮೊಮ್ಮಗಳು ಒಬ್ಬೊಬ್ಬರ ಹೆಜ್ಜೆಗುರುತಿನಲ್ಲಿ ತನ್ನ ಕಾಲಿಟ್ಟು ಆಡುತ್ತಿದ್ದಳು. ಹಾಗೆ ಆಡುತ್ತಿದ್ದವಳು ಓಡಿಬಂದು, “ಅಜ್ಜಾ, ಅಜ್ಜಿಯ ಹೆಜ್ಜೆ ಮಾತ್ರ ಸೊಟ್ಟ ಸೊಟ್ಟ ಬಿದ್ದಿದೆ” ಎಂದಳು. ತಿರುಗಿ ನೋಡಿದೆ. ಬಿಳಿಯ ಕಾಗದದ ಮೇಲೆ ಬರೆದಿಟ್ಟಂತೆ ಕಾಣುತ್ತಿತ್ತು: ಒಂದು ಹೆಜ್ಜೆ ಎಡಕ್ಕೆ, ಒಂದು ಬಲಕ್ಕೆ, ಕುಡಿದವನ ನಡಿಗೆಯ ಹಾಗೆ. ಅಷ್ಟರಲ್ಲಿ, ಹಿಮದ ಮೇಲೆ ಬಂಡಿ ಎಳೆಯುವ ವಯಸ್ಸಾದ ಕಾಶ್ಮೀರಿಯೊಬ್ಬ ಅವಳ ಮುಖ ನೋಡಿ, “ಇವರನ್ನು ಈಗಲೇ ಕೆಳಗಿಳಿಸಿ, ಚಹಾ ಕುಡಿಸುತ್ತ ಕೂರಬೇಡಿ” ಎಂದು ಹಿಂದಿಯಲ್ಲಿ ಗದರಿಸಿದ. ಇಳಿಸಿದೆವು. ಗುಲ್ಮಾರ್ಗಿನಲ್ಲಿಯೂ ನಿಲ್ಲದೆ ಅಂದೇ ಶ್ರೀನಗರಕ್ಕೆ, ೧,೬೦೦ ಮೀಟರಿನ ಮಟ್ಟಕ್ಕೆ ಬಂದೆವು. ವೈದ್ಯರು ನೋಡಿದರು, ಆಮ್ಲಜನಕ, ಔಷಧ ಕೊಟ್ಟರು. ಮಿದುಳಿಗೆ ಬಾವು ಬರತೊಡಗಿದ ಲಕ್ಷಣ, ಇನ್ನೊಂದು ರಾತ್ರಿ ಮೇಲೆ ಉಳಿದಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದರು. ಮರುದಿನ ಅವಳು ಗಂಜಿ ಕುಡಿದು, “ನಿಮ್ಮೆಲ್ಲರ ತಿರುಗಾಟ ನನ್ನಿಂದ ಹಾಳಾಯಿತು” ಎಂದಳು! ಮೂವತ್ತೈದು ವರ್ಷ ತರಗತಿಯಲ್ಲಿ ಧ್ವನಿಸಿದ್ಧಾಂತವನ್ನು ಪಾಠ ಮಾಡಿದವನು ನಾನು. ಹೇಳಿದ ಮಾತಿನ ಹಿಂದೆ ಹೇಳದ ಅರ್ಥವಿರುತ್ತದೆಂದು ಎಷ್ಟು ಪರೀಕ್ಷೆಗಳಲ್ಲಿ ಪ್ರಶ್ನೆ ಕೇಳಿದ್ದೇನೋ! ಹಾಸಿಗೆಯ ಮಗ್ಗುಲಲ್ಲಿ ಆಡಿದ ‘ಎಂತದೂ ಇಲ್ಲ’ ಎಂಬ ಎರಡು ಶಬ್ದಗಳ ಧ್ವನಿ ನನ್ನ ಕಿವಿಗೆ ಬೀಳಲಿಲ್ಲ.

ಅಂದಿನಿಂದ ಮಹಾಪ್ರಸ್ಥಾನದ ಕಥೆ ನನಗೆ ಬೇರೆಯೇ ಆಗಿ ಕಾಣುತ್ತಿದೆ. ಕುಮಾರವ್ಯಾಸ ಹತ್ತು ಪರ್ವಗಳಿಗೆ ತನ್ನ ಕಾವ್ಯವನ್ನು ನಿಲ್ಲಿಸಿದ; ಉಳಿದುದನ್ನು ತಿಮ್ಮಣ್ಣ ಕವಿ ಕೃಷ್ಣರಾಯನ ಹೆಸರಿನಲ್ಲಿ ಪೂರೈಸಿದ. ಪಾಂಡವರು ಹಿಮವಂತವನ್ನೇರಿ ನಡೆಯುತ್ತಿರುವಾಗ ಮೊದಲು ದ್ರೌಪದಿ ಬೀಳುತ್ತಾಳೆ, ಬಳಿಕ ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ. ಒಬ್ಬೊಬ್ಬರು ಬಿದ್ದಾಗಲೂ ಧರ್ಮರಾಯ ಅವರವರ ದೋಷವನ್ನು ಹೇಳುತ್ತಾನೆ. ಇವಳಿಗೆ ಪಕ್ಷಪಾತ, ಇವನಿಗೆ ಜಾಣತನದ ಗರ್ವ, ಇವನಿಗೆ ರೂಪದ ಗರ್ವ. ಹಿಂದಿರುಗಿ ನೋಡದೆ ನಡೆಯುತ್ತಾನೆ. ಕಥೆಯ ಆಧ್ಯಾತ್ಮಿಕ ಅರ್ಥವನ್ನು ನಾನು ಅಲ್ಲಗಳೆಯುತ್ತಿಲ್ಲ. ತಾಳಮದ್ದಳೆಯ ಅರ್ಥಧಾರಿಗಳು ಅದನ್ನು ನನಗಿಂತ ಚೆನ್ನಾಗಿ ಬಿಡಿಸಿಯಾರು. ಅದು ಮರಳಿ ಬಾರದವರ ಯಾತ್ರೆ. ನಮ್ಮದು ಮರಳಿ ಬರಬೇಕಾದವರ ಯಾತ್ರೆ. ಆದರೂ ಎತ್ತರದಲ್ಲಿ ಕುಸಿದವನಲ್ಲಿ ದೋಷ ಹುಡುಕುವ ಆ ಅಭ್ಯಾಸವನ್ನು ನಾವು ಬಿಟ್ಟಿಲ್ಲ. ‘ಅವನಿಗೆ ಮನೋಬಲ ಸಾಲದು’, ‘ಭಕ್ತಿ ಸಾಲದು’, ‘ವ್ಯಾಯಾಮವಿಲ್ಲದ ಮೈ’ ಎನ್ನುತ್ತೇವೆ. ಇದು ಶುದ್ಧ ಸುಳ್ಳು. ಪರ್ವತರೋಗ ದೇಹಬಲವನ್ನು ಕೇಳಿ ಬರುವುದಿಲ್ಲ. ದಿನವೂ ಕದ್ರಿ ಗುಡ್ಡೆ ಹತ್ತಿಳಿಯುವವನಿಗೂ ಬರುತ್ತದೆ, ಆರಾಮಕುರ್ಚಿಯವನನ್ನು ಬಿಟ್ಟುಬಿಡಲೂ ಬಹುದು. ಗಟ್ಟಿಗರೇ ಎಷ್ಟೋ ಸಲ ಬೇಗ ಬೇಗ ಏರಿ ಮೊದಲು ಮಲಗುತ್ತಾರೆ. ಒಬ್ಬೊಬ್ಬರ ದೇಹದ ಒಗ್ಗಿಕೊಳ್ಳುವ ವೇಗ ಬೇರೆ ಬೇರೆ, ಅಷ್ಟೇ. ಕುಸಿಯುವುದು ಪಾಪವಲ್ಲ ಎಂದು ಮನೆಮಂದಿಗೆಲ್ಲ ಮೊದಲೇ ಹೇಳಿಟ್ಟರೆ, ಬಚ್ಚಿಡುವ ಅಗತ್ಯ ಯಾರಿಗೂ ಬಾರದು. ನನ್ನ ಲೆಕ್ಕದಲ್ಲಿ ತಡೆಗಟ್ಟುವ ಮೊದಲ ಮದ್ದು ಇದು.

ಎರಡನೆಯ ಮದ್ದು ನಿಧಾನ. ಮೊದಲ ರಾತ್ರಿಯನ್ನು ೨,೮೦೦ ಮೀಟರಿಗಿಂತ ಕೆಳಗೆ ಕಳೆಯಬೇಕು. ಇನ್ನೂ ಕೆಳಗಾದರೆ ಇನ್ನೂ ಒಳ್ಳೆಯದು. ೩,೦೦೦ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ ೫೦೦ ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಏರದೆ ಇರಬೇಕು. ಮುಖ್ಯವಾದುದು ಮಲಗುವ ಎತ್ತರ; ಹಗಲು ಸ್ವಲ್ಪ ಮೇಲೆ ಹೋಗಿ ರಾತ್ರಿ ಕೆಳಗೆ ಬಂದು ಮಲಗಬಹುದು. ಗುಲ್ಮಾರ್ಗಿಗೆ ಹೋಗುವ ನಮ್ಮೂರ ಕುಟುಂಬ ಮೊದಲ ಎರಡು ರಾತ್ರಿ ಶ್ರೀನಗರದಲ್ಲಿ ಉಳಿದು ದಾಲ್ ಸರೋವರವನ್ನು ನೋಡಲಿ. ಬಳಿಕ ಗುಲ್ಮಾರ್ಗಿಗೆ ಏರಿ, ಮೊದಲ ದಿನ ಹುಲ್ಲುಗಾವಲಿನ ಇಳಿಜಾರಿನಲ್ಲೇ ಮಕ್ಕಳು ಸ್ಕೀ ಕಲಿಯಲಿ. ಕಲಿಯುವವರಿಗೆ ಅದೇ ಸರಿಯಾದ ಜಾಗ. ಮರುದಿನ ತೂಗುಬಂಡಿಯ ಮೊದಲ ಹಂತವಾದ ಕೊಂಗಡೂರಿ, ಸುಮಾರು ೩,೧೦೦ ಮೀಟರ್. ಎಲ್ಲರೂ ನೆಟ್ಟಗಿದ್ದರೆ ಮಾತ್ರ ಮೂರನೆಯ ದಿನ ಮೇಲಿನ ತುದಿ, ಅದೂ ಸ್ವಲ್ಪ ಹೊತ್ತು.

ಲೇಹ್‌ಗೆ ವಿಮಾನದಲ್ಲಿ ಹೋಗುವವರಿಗೆ ಮೆಟ್ಟಿಲುಗಳೇ ಇಲ್ಲ, ನೇರ ಅಟ್ಟಕ್ಕೆ ಎತ್ತಿ ಕೂರಿಸಿದಂತೆ. ಅಂಥವರು ಮೊದಲ ಎರಡು ದಿನ, ಅಂದರೆ ೪೮ ಗಂಟೆ, ವಿಶ್ರಾಂತಿಯಲ್ಲೇ ಇರಬೇಕೆಂದು ಲಡಾಖಿನ ಆಡಳಿತವೇ ಹೇಳುತ್ತದೆ. ಖರ್ದುಂಗ್ ಲಾ ಕಣಿವೆದಾರಿ, ಪ್ಯಾಂಗಾಂಗ್ ಸರೋವರಗಳ ಮಾತು ಅನಂತರ. ರಸ್ತೆಯಲ್ಲಿ ಹೋಗುವವರಿಗೆ ಶ್ರೀನಗರ, ಕಾರ್ಗಿಲ್ ಮಾರ್ಗ ಮನಾಲಿಯ ಮಾರ್ಗಕ್ಕಿಂತ ಸೌಮ್ಯ. ಕಾರ್ಗಿಲ್‌ನಲ್ಲಿ ೨,೭೦೦ ಮೀಟರಿನಷ್ಟು ಎತ್ತರದಲ್ಲಿ ರಾತ್ರಿ ಕಳೆಯಬಹುದು. ಮನಾಲಿಯ ದಾರಿಯಲ್ಲಿ ಸರ್ಚುವಿನಂಥ ೪,೨೦೦ ಮೀಟರ್ ಮೀರಿದ ಜಾಗದಲ್ಲಿ ತಂಗುವ ಪ್ರಮೇಯ ಬರುತ್ತದೆ. ಕೇದಾರಕ್ಕೆ ಹೆಲಿಕಾಪ್ಟರಿನಲ್ಲಿ ಹೋಗುವ ವೃದ್ಧರು ಗುಪ್ತಕಾಶಿಯ ಕಡೆ ಒಂದೆರಡು ರಾತ್ರಿ ತಂಗಿ, ದರ್ಶನ ಮುಗಿಸಿ ಅಂದೇ ಇಳಿಯುವುದು ಲೇಸು. ಅಮರನಾಥ ಯಾತ್ರೆಗೆ ಆರೋಗ್ಯ ಪ್ರಮಾಣಪತ್ರ ಕಡ್ಡಾಯ. ೨೦೨೦ರಿಂದ ನಿಂತು ೨೦೨೫ರಲ್ಲಿ ಮತ್ತೆ ಆರಂಭವಾದ ಕೈಲಾಸ ಮಾನಸ ಸರೋವರ ಯಾತ್ರೆಯಲ್ಲಿ ಲಿಪುಲೇಖದ ದಾರಿಯವರಿಗೆ ದೆಹಲಿಯಲ್ಲೊಮ್ಮೆ, ಗುಂಜಿಯಲ್ಲೊಮ್ಮೆ ವೈದ್ಯಪರೀಕ್ಷೆ. ಇವನ್ನು ಕಿರುಕುಳವೆಂದು ಗೊಣಗುವವರಿದ್ದಾರೆ. ನಾನೂ ಹಿಂದೆ ಗೊಣಗುತ್ತಿದ್ದೆ.

ಊಟಪಾನದ ವಿಷಯ ಚುಟುಕಾಗಿ ಹೇಳುತ್ತೇನೆ. ಮೊದಲ ದಿನಗಳಲ್ಲಿ ಮದ್ಯ ಬೇಡ, ನಿದ್ರೆಯ ಮಾತ್ರೆ ಬೇಡ. ಎರಡೂ ಉಸಿರಾಟವನ್ನು ಮಂದಗೊಳಿಸುತ್ತವೆ. ಒಣ ಚಳಿಯಲ್ಲಿ ಬಾಯಾರಿಕೆ ತಿಳಿಯದ ಕಾರಣ ನೀರು ಕುಡಿಯುವುದನ್ನು ಮರೆಯಬಾರದು. ಆದರೆ ಕೊಡಗಟ್ಟಲೆ ಕುಡಿದರೆ ರೋಗ ಬಾರದೆಂಬುದು ತಪ್ಪು. ಅನ್ನ, ಗಂಜಿ, ಬೆಲ್ಲದಂಥ ಹಗುರ ಆಹಾರ ಸಾಕು. ಹೃದಯ, ಶ್ವಾಸಕೋಶಗಳ ಕಾಯಿಲೆಯವರು, ರಕ್ತಹೀನತೆಯವರು, ಗರ್ಭಿಣಿಯರು ಹೊರಡುವ ಮುನ್ನವೇ ವೈದ್ಯರನ್ನು ಕಾಣಬೇಕು. ನೆಗಡಿ, ಕೆಮ್ಮು ಇರುವ ಮಗುವನ್ನು ಎತ್ತರಕ್ಕೆ ಒಯ್ಯಬಾರದು.

ಇನ್ನು ನಂಬಿಕೆಯ ಮದ್ದುಗಳು. ಯಾತ್ರೆಯ ದಾರಿಯಲ್ಲಿ ಕರ್ಪೂರದ ಗಂಟನ್ನು ಮೂಸುತ್ತ ಹತ್ತುವವರನ್ನು ನೀವು ಕಂಡಿರಬಹುದು. ಕರ್ಪೂರ ಮೂಗು ತೆರೆದಂತೆ ಅನ್ನಿಸುತ್ತದೆ. ರಕ್ತಕ್ಕೆ ಒಂದು ಕಣ ಆಮ್ಲಜನಕವನ್ನೂ ಸೇರಿಸದು. ಮಕ್ಕಳು ಬಾಯಿಗೆ ಹಾಕಿಕೊಂಡರೆ ಅದು ವಿಷ. ಪುನರ್ಪುಳಿ, ಶುಂಠಿ, ಜೀರಿಗೆ ನಾಲಗೆಗೆ ಹಿತ, ಆದರೆ ಇದು ಪಿತ್ತವಲ್ಲ. ಅಂಗಡಿಯಲ್ಲಿ ಮಾರುವ ಆಮ್ಲಜನಕದ ಪುಟ್ಟ ಡಬ್ಬಿ ಕೆಲವು ನಿಮಿಷಗಳಲ್ಲಿ ಬರಿದಾಗುತ್ತದೆ. ಅದನ್ನು ನಂಬಿ ಮೇಲೆಯೇ ಕುಳಿತರೆ ಅಪಾಯ. ಕೋವಿಡ್ ಕಾಲದಲ್ಲಿ ಮನೆ ಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೊಂಚ ಸಹಾಯಕ. ಆದರೆ ಎತ್ತರದಲ್ಲಿ ಆರೋಗ್ಯವಂತನ ಅಂಕಿಯೂ ಇಳಿದೇ ಇರುತ್ತದೆ. ಆದ್ದರಿಂದ ಯಂತ್ರದ ಅಂಕಿಗಿಂತ ಮನುಷ್ಯನ ಮುಖವನ್ನು ನೋಡುವುದು ಮೇಲು.

ವಿಜ್ಞಾನ ಒಪ್ಪಿದ ಮುಂಜಾಗ್ರತೆಯ ಔಷಧವೊಂದಿದೆ, ಅಸಿಟಜೋಲಮೈಡ್. ಅದು ಮಾಡುವ ಕೆಲಸ ಸೋಜಿಗದ್ದು. ಹಿಂದೆ ಹೇಳಿದೆನಲ್ಲ, ಮೂತ್ರಪಿಂಡಗಳು ನಿಧಾನವಾಗಿ ಕ್ಷಾರವನ್ನು ಹೊರಹಾಕುವುದು? ಆ ಕೆಲಸವನ್ನೇ ಅದು ಬೇಗನೆ ಮಾಡಿಸುತ್ತದೆ. ಎಂದರೆ ಅದು ರೋಗವನ್ನು ಮುಚ್ಚಿಡುವುದಿಲ್ಲ, ಒಗ್ಗುವಿಕೆಯನ್ನೇ ಚುರುಕುಗೊಳಿಸುತ್ತದೆ. ಹಿರಿಯರಿಗೆ ಸಾಮಾನ್ಯವಾಗಿ ಏರುವ ಹಿಂದಿನ ದಿನದಿಂದ ೧೨೫ ಮಿಲಿಗ್ರಾಮಿನಂತೆ ದಿನಕ್ಕೆರಡು ಸಲ ಕೊಡುವ ರೂಢಿಯಿದೆ. ಮಕ್ಕಳಿಗೆ ತೂಕಕ್ಕೆ ತಕ್ಕಂತೆ. ಮೂತ್ರ ಹೆಚ್ಚಾಗುವುದು, ಬೆರಳ ತುದಿ ಜುಮುಗುಡುವುದು ಉಂಟು. ಸಲ್ಫಾ ಔಷಧ ಒಗ್ಗದವರಿಗೆ, ಮೂತ್ರಪಿಂಡದ ತೊಂದರೆಯವರಿಗೆ ಎಚ್ಚರಿಕೆ ಬೇಕು. ಆದುದರಿಂದ ಬಾನುಲಿಯಲ್ಲಿ ಮೇಷ್ಟ್ರು ಹೇಳಿದರೆಂದು ಅಂಗಡಿಗೆ ಹೋಗಿ ಕೊಳ್ಳಬೇಡಿ. ನಿಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಔಷಧ ನಿಧಾನಕ್ಕೆ ಊರುಗೋಲು ಮಾತ್ರ, ಬದಲಿಯಲ್ಲ.

ಇಷ್ಟೆಲ್ಲ ಮಾಡಿಯೂ ರೋಗ ಬಂದರೆ? ಮೂರು ಸೂತ್ರಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಎತ್ತರದಲ್ಲಿ ಬಂದ ಅಸ್ವಾಸ್ಥ್ಯ, ಬೇರೆ ಕಾರಣ ಖಚಿತವಾಗುವ ತನಕ, ಎತ್ತರದ್ದೇ ಎಂದು ತಿಳಿಯಬೇಕು. ತಲೆನೋವು, ವಾಕರಿಕೆ ಇರುವಾಗ ಒಂದು ಅಡಿಯೂ ಮೇಲೆ ಹೋಗಬಾರದು. ಅಲ್ಲೇ ತಂಗಿದರೆ ಬಹುಮಂದಿಗೆ ಒಂದೆರಡು ದಿನದಲ್ಲಿ ಕಡಮೆಯಾಗುತ್ತದೆ. ಕಡಮೆಯಾಗದೆ ಹೆಚ್ಚಿದರೆ, ಅದು ನಡುರಾತ್ರಿಯಾದರೂ ಸರಿ, ಇಳಿಯಬೇಕು. ಇಳಿಯುವುದೇ ಪರಮೌಷಧ. ೩೦೦ ಮೀಟರ್ ಇಳಿದರೂ ಎಷ್ಟೋ ಸಲ ವ್ಯತ್ಯಾಸ ಕಾಣುತ್ತದೆ. ೧,೦೦೦ ಮೀಟರ್ ಇಳಿದರೆ ಪುನರ್ಜನ್ಮ.

ಎರಡು ಬಗೆಯ ಲಕ್ಷಣಗಳು ಸಾವಿನ ಮುನ್ಸೂಚನೆ. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ತುಟಿ ನೀಲಿಯಾಗುವುದು, ಕಫದಲ್ಲಿ ನಸುಗೆಂಪು ನೊರೆ ಕಾಣಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಇದು ಹೆಚ್ಚಾಗಿ ಎರಡನೆಯ ರಾತ್ರಿಯ ಬಳಿಕ ಬರುತ್ತದೆ. ನಡಿಗೆ ತಪ್ಪುವುದು, ಮಾತು ತೊದಲುವುದು, ಮಂಕು ಕವಿಯುವುದು ಕಂಡರೆ ಮಿದುಳಿಗೆ ಬಾವು. ಅನುಮಾನವಿದ್ದರೆ ನೆಲದ ಮೇಲೆ ಒಂದು ಗೆರೆ ಎಳೆದು, ಹಿಮ್ಮಡಿಗೆ ಬೆರಳು ತಾಕಿಸುತ್ತ ನಡೆಯಲು ಹೇಳಿ. ತೂರಾಡಿದರೆ ಚರ್ಚೆ ಬೇಡ, ಆಮ್ಲಜನಕ ಸಿಕ್ಕರೆ ಕೊಡಿ, ವೈದ್ಯರಿಗಾಗಿ ಕಾಯುತ್ತ ಕೂರದೆ ಇಳಿಸಿ. ಒಬ್ಬರನ್ನೇ ಕಳಿಸಬೇಡಿ, ಒಬ್ಬರನ್ನೇ ಕೋಣೆಯಲ್ಲಿ ಬಿಟ್ಟೂ ಹೋಗಬೇಡಿ. ಚಿಕ್ಕ ಮಕ್ಕಳು ‘ತಲೆನೋವು’ ಎಂದು ಹೇಳಲಾರರು. ಊಟ ಬೇಡವೆನ್ನುವುದು, ಕಾರಣವಿಲ್ಲದ ರಚ್ಚೆ, ಆಟ ಬಿಟ್ಟು ಮಂಕಾಗಿ ಕೂರುವುದೇ ಅವರ ಭಾಷೆ. ನಿದ್ದೆಯಲ್ಲಿ ಉಸಿರು ಕೆಲಕ್ಷಣ ನಿಂತು ಮತ್ತೆ ಜೋರಾಗಿ ಬರುವುದು ಮಾತ್ರ ಎತ್ತರದಲ್ಲಿ ಸಾಮಾನ್ಯ. ಅದೊಂದನ್ನೇ ಕಂಡು ಹೆದರಬೇಕಿಲ್ಲ.

ಬೆಟ್ಟದ ಎಲ್ಲ ವಿಪತ್ತುಗಳನ್ನೂ ನಾವು ತಡೆಯಲಾರೆವು. ೨೦೨೪ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಚಾರಣ ಹೋದ, ಕರ್ನಾಟಕದವರೇ ಹೆಚ್ಚಾಗಿದ್ದ ೨೨ ಮಂದಿಯ ತಂಡ ಹಿಮದ ಬಿರುಗಾಳಿಗೆ ಸಿಲುಕಿ, ೯ ಮಂದಿ ಮರಳಿ ಬರಲಿಲ್ಲ. ೨೦೧೬ರಲ್ಲಿ ಸಿಯಾಚಿನ್ನಿನಲ್ಲಿ ಹಿಮಪಾತಕ್ಕೆ ಸಿಕ್ಕಿ, ಆರು ದಿನ ಹಿಮದಡಿಯಲ್ಲಿ ಜೀವ ಹಿಡಿದುಕೊಂಡು, ಹೊರತಂದ ಮೇಲೆ ಅಸುನೀಗಿದ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ನಾವಾರೂ ಮರೆತಿಲ್ಲ. ಬಿರುಗಾಳಿಗೂ ಹಿಮಪಾತಕ್ಕೂ ನಾವು ತಲೆಬಾಗಬೇಕು. ಆದರೆ ಪರ್ವತರೋಗ ಹಾಗಲ್ಲ. ಅದು ಎಚ್ಚರಿಕೆ ಕೊಟ್ಟು ಬರುತ್ತದೆ, ಕಾಯುತ್ತದೆ, ಇಳಿದರೆ ಬಿಟ್ಟುಬಿಡುತ್ತದೆ. ಅದರಿಂದ ಆಗುವ ಸಾವು ಬಹುಮಟ್ಟಿಗೆ ನಮ್ಮ ಅವಸರದಿಂದ ಅಥವಾ ನಮ್ಮ ಮೌನದಿಂದ ಆಗುವ ಸಾವು.

ಮಹಾಪ್ರಸ್ಥಾನದ ಧರ್ಮರಾಯನನ್ನು ಕುರಿತು ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಕೊನೆಯವರೆಗೂ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವೇರಲು ಅವನು ಒಪ್ಪಲಿಲ್ಲ. ನನ್ನನ್ನು ನಂಬಿ ಬಂದುದನ್ನು ಬಿಟ್ಟು ನನಗೆ ಸ್ವರ್ಗವೂ ಬೇಡವೆಂಬ ಆ ನಿಲುವೇ ಕುಟುಂಬದೊಡನೆ ಬೆಟ್ಟವೇರುವವನ ಧರ್ಮವಾಗಬೇಕು. ನಮ್ಮಲ್ಲಿ ನಿಧಾನವಾಗಿ ಒಗ್ಗುವವನ ನಡಿಗೆಯೇ ಇಡೀ ಮನೆಯ ನಡಿಗೆಯಾಗಲಿ. ಬೆಳಗ್ಗೆ ಎದ್ದೊಡನೆ ಒಬ್ಬೊಬ್ಬರನ್ನೂ ಕೇಳೋಣ: ತಲೆ ನೋಯುತ್ತಿದೆಯೆ? ಊಟ ಸೇರಿತೆ? ನಿದ್ದೆ ಬಂತೆ? ‘ಎಂತದೂ ಇಲ್ಲ’ ಎಂಬ ಉತ್ತರ ಬಂದರೆ ಇನ್ನೊಮ್ಮೆ ಕೇಳೋಣ.

ಕಳೆದ ವರ್ಷ ನಾವು ಐವರೂ ಮತ್ತೆ ಕಾಶ್ಮೀರಕ್ಕೆ ಹೋಗಿದ್ದೆವು. ಈ ಸಲ ಶ್ರೀನಗರದಲ್ಲಿ ಎರಡು ರಾತ್ರಿ ಕಳೆದೇ ಗುಲ್ಮಾರ್ಗಿಗೆ ಹತ್ತಿದೆವು. ಮೊಮ್ಮಗಳು ಸ್ಕೀ ಕಲಿತಳು. ನಾನೂ ಮಡದಿಯೂ ಮೇಲಿನ ತುದಿಗೆ ಹೋಗಲಿಲ್ಲ. ಕೆಳಗಿನ ಹುಲ್ಲುಗಾವಲಿನ ಹಿಮದ ಮೇಲೆ ಸುಮ್ಮನೆ ನಡೆದಾಡಿದೆವು. ನಡೆ ನಡೆದು ಒಮ್ಮೆ ನಿಂತು, ಹಿಂದಿರುಗಿ ನೋಡಿದೆ. ಎರಡು ಸಾಲು ಹೆಜ್ಜೆಗಳು ನೆಟ್ಟಗೆ ಬಿದ್ದಿದ್ದವು.